ನ್ಯೂಕಾಸಲ್ ಪಟ್ಟಣಕ್ಕೆ ಎರಡು ದಿನದ ಪ್ರಯಾಣ

ನಮ್ಮ ಪಾಠಶಾಲೆಯಲ್ಲಿ ಓದಿ ಹೋದವರ ಪೈಕಿ ಕೆಲವರ ಮಕ್ಕಳೂ ಒಡಹುಟ್ಟಿದವರೂ ಈಗ ಆಸ್ಟ್ರೇಲಿಯ ದೇಶದ ಸಿಡ್ನಿ ನಗರದಲ್ಲಿ ನೆಲೆಸಿರುವರು. ಅವರನ್ನು ಕಾಣಲೆಂದು ಇಲ್ಲಿಂದ ತಾಯಿತಂದೆಗಳು ವಿಮಾನವೇರಿ ಹೋಗುವುದೂ, ಎರಡು ಮೂರು ತಿಂಗಳು ಅಲ್ಲಿದ್ದು ಬರುವುದೂ ಈಗ ಅಪರೂಪದ ಸಂಗತಿಯಲ್ಲ. ಹಾಗೆ ಹೋದವರಿಗೆ ಅಲ್ಲಿ ಒದಗುವ ಒಂದು ಇಕ್ಕಟ್ಟನ್ನು ಹೋಗಿ ಬಂದವರೆಲ್ಲರೂ ಬಲ್ಲರು. ಮಕ್ಕಳಿಗೆ ವಾರದಲ್ಲಿ ಐದು ದಿನ ಉದ್ಯೋಗದ ದುಡಿತ. ಹೆತ್ತವರಿಗೆ ಆ ಐದು ದಿನವೂ ನಾಲ್ಕು ಗೋಡೆಗಳ ನಡುವಣ ವಾಸ. ಉಳಿದವು ಶನಿವಾರ, ಆದಿತ್ಯವಾರ ಎಂಬ ಎರಡೇ ದಿನಗಳು. ಆ ಎರಡು ದಿನಗಳಲ್ಲಿ ತಾಯಿಗೆ ಎಲ್ಲವನ್ನೂ ತೋರಿಸಿಬಿಡಬೇಕೆಂಬ ಆತುರದಿಂದ ಹಾಕುವ ಯೋಜನೆಗಳು ಎಷ್ಟೋ ಸಲ ತಾಯಿಯ ಮೊಣಕಾಲಿಗೂ ಮಕ್ಕಳ ಮನಸ್ಸಿಗೂ ನೋವನ್ನು ತಂದು ಮುಗಿಯುತ್ತವೆ. ನಮಗೂ ಹಾಗೆಯೇ ಆಯಿತು. ಎರಡನೆಯ ಸಲ ಹಾಗಾಗಲಿಲ್ಲ. ಈ ಎರಡು ಪ್ರಯಾಣಗಳೊಳಗಿನ ಭೇದವನ್ನು ವಿವರಿಸಿದರೆ ಮುಂದೆ ಹೋಗತಕ್ಕವರಿಗೆ ಉಪಯೋಗವಾದೀತೆಂದು ಎಣಿಸಿ ಇದನ್ನು ಬರೆಯುತ್ತೇವೆ.

ಸಿಡ್ನಿಯಿಂದ ಉತ್ತರಕ್ಕೆ ಸುಮಾರು 160 ಕಿಲೋಮೀಟರು ದೂರದಲ್ಲಿ, ಹಂಟರ್ ನದಿಯು ಪೆಸಿಫಿಕ್ ಮಹಾಸಾಗರವನ್ನು ಸೇರುವೆಡೆಯಲ್ಲಿ, ನ್ಯೂಕಾಸಲ್ ಎಂಬ ಪಟ್ಟಣವಿದೆ. ಒಂದು ಕಡೆ ನದಿ, ಒಂದು ಕಡೆ ಸಮುದ್ರ, ನಡುವೆ ಬೆರಳಿನಂತೆ ಚಾಚಿಕೊಂಡ ನೆಲ. ಈ ಬೆರಳಿನ ತುದಿಯಲ್ಲಿಯೇ ಪಟ್ಟಣದ ಹಳೆಯ ಭಾಗವಿರುವುದರಿಂದ ಅಲ್ಲಿ ಹತ್ತು ಹದಿನೈದು ನಿಮಿಷ ನಡೆಯುವಷ್ಟರಲ್ಲಿ ರೇವನ್ನೂ ಕಡಲನ್ನೂ ಎರಡನ್ನೂ ಕಾಣಬಹುದು. ಆಸ್ಟ್ರೇಲಿಯಕ್ಕೆ ಹೋದವರು ಸಾಮಾನ್ಯವಾಗಿ ಈ ಊರಿನ ಹೆಸರನ್ನು ಎತ್ತುವುದಿಲ್ಲ. ಇದು ಕಲ್ಲಿದ್ದಲಿನ ಊರು, ಉಕ್ಕಿನ ಊರು, ಮಸಿಯ ಊರು ಎಂದು ಬಹುಕಾಲ ಹೆಸರಾಗಿದ್ದುದೇ ಇದಕ್ಕೆ ಕಾರಣ. ಆದರೆ 1915ರಲ್ಲಿ ಆರಂಭವಾದ ಅಲ್ಲಿನ ದೊಡ್ಡ ಉಕ್ಕಿನ ಕಾರ್ಖಾನೆಯನ್ನು 1999ರಲ್ಲಿ ಮುಚ್ಚಿದರು. ಹೊಗೆ ಹೋಗಿ ಊರು ಉಳಿಯಿತು.

ಊರಿನ ಪೂರ್ವವೃತ್ತಾಂತವನ್ನು ಸ್ವಲ್ಪ ತಿಳಿದು ಹೋದರೆ ಕಣ್ಣಿಗೆ ಬಿದ್ದುದು ಬರಿಯ ಕಲ್ಲುಮಣ್ಣಾಗಿ ಉಳಿಯದು. ಬಿಳಿಯರು ಬರುವುದಕ್ಕೆ ಅನೇಕ ಸಾವಿರ ವರುಷಗಳ ಮೊದಲಿನಿಂದಲೂ ಇಲ್ಲಿ ಅವಬಕಲ್ ಎಂಬ ಜನರು ವಾಸವಾಗಿದ್ದರು. ಅವರು ಈ ಸ್ಥಳವನ್ನು ಮುಲುಬಿನ್ಬಾ ಎಂದು ಕರೆಯುತ್ತಿದ್ದರು. 1797ರಲ್ಲಿ ಲೆಫ್ಟೆನೆಂಟ್ ಜಾನ್ ಶಾರ್ಟ್‌ಲ್ಯಾಂಡ್ ಎಂಬಾತನು ಓಡಿಹೋದ ಕೈದಿಗಳನ್ನು ಹುಡುಕುತ್ತ ಬಂದು ಈ ನದೀಮುಖವನ್ನು ಹೊಕ್ಕನು. ಕೈದಿಗಳು ಸಿಕ್ಕಲಿಲ್ಲ, ಕಲ್ಲಿದ್ದಲು ಸಿಕ್ಕಿತು. ಇದಾದ ಎರಡು ವರುಷಗಳಲ್ಲಿ, ಅಂದರೆ 1799ರಲ್ಲಿ, ಇಲ್ಲಿಂದ ಕಲ್ಲಿದ್ದಲನ್ನು ಹೇರಿಕೊಂಡು ಒಂದು ಹಡಗು ಹೊರಟಿತು. ಅದು ಹೋದುದು ಎಲ್ಲಿಗೆಂದರೆ ನಮ್ಮ ಬಂಗಾಳಕ್ಕೆ. ಈ ಸಂಗತಿಯನ್ನು ಕೇಳಿದ ಮೇಲೆ ನಮಗೆ ಆ ಊರು ಅಷ್ಟೊಂದು ಪರದೇಶವೆನಿಸಲಿಲ್ಲ. 1804ರಿಂದ ಇದು, ಸಿಡ್ನಿಯಲ್ಲಿ ಮತ್ತೆ ತಪ್ಪುಮಾಡಿದ ಕೈದಿಗಳನ್ನು ಕಳುಹಿಸುವ ಕಠಿನ ಶಿಕ್ಷೆಯ ಸ್ಥಳವಾಗಿತ್ತು. ಈಗ ಇದು ಲೋಕದಲ್ಲಿ ಅತಿ ಹೆಚ್ಚು ಕಲ್ಲಿದ್ದಲನ್ನು ಹೊರಕ್ಕೆ ಕಳುಹಿಸುವ ರೇವುಗಳಲ್ಲಿ ಒಂದು.

ಇನ್ನು ನಮ್ಮ ಮೊದಲನೆಯ ಪ್ರಯಾಣದ ಕಥೆ. 2019ರ ಜೂನ್ ತಿಂಗಳಲ್ಲಿ ನಾವು ನಮ್ಮ ಮಾತೃಶ್ರೀಯವರನ್ನು ಕರೆದುಕೊಂಡು ಸಿಡ್ನಿಯಲ್ಲಿರುವ ತಂಗಿಯ ಮನೆಗೆ ಹೋಗಿದ್ದೆವು. ತಿರುಗಿ ಹೊರಡುವುದಕ್ಕೆ ಒಂದು ವಾರ ಮಾತ್ರ ಉಳಿದಿತ್ತು. ತಂಗಿಯು ಒಂದು ಕಾಗದದ ಮೇಲೆ ನ್ಯೂಕಾಸಲಿನಲ್ಲಿ ನೋಡತಕ್ಕ ಸ್ಥಳಗಳನ್ನು ಬರೆದಳು. ನಾವು ಎರಡನ್ನು ಸೇರಿಸಿದೆವು. ಅವಳ ಮಗನು ಕಾಂಗರೂಗಳನ್ನು ನೋಡಬೇಕೆಂದು ಇನ್ನೊಂದನ್ನು ಸೇರಿಸಿದನು. ಒಟ್ಟು ಏಳಾಯಿತು. ಶನಿವಾರ ಬೆಳಿಗ್ಗೆ ಉಂಡುಟ್ಟು ಸಾವಕಾಶವಾಗಿ ಸೆಂಟ್ರಲ್ ನಿಲ್ದಾಣಕ್ಕೆ ಹೋದರೆ, ಹಳಿಗಳ ದುರಸ್ತಿಗಾಗಿ ಆ ಎರಡು ದಿನ ದಾರಿಯ ಒಂದು ಭಾಗದಲ್ಲಿ ರೈಲು ಇಲ್ಲವೆಂದೂ, ಬದಲಿಗೆ ಬಸ್ಸುಗಳಿವೆಯೆಂದೂ ತಿಳಿಯಿತು. ಇದನ್ನು ಮುಂಚಿತವಾಗಿಯೇ ಪ್ರಕಟಿಸಿದ್ದರು. ನೋಡದಿದ್ದುದು ನಮ್ಮ ತಪ್ಪು. ಇಳಿದು, ಹತ್ತಿ, ಕಾದು, ಮತ್ತೆ ಹತ್ತಿ ನ್ಯೂಕಾಸಲ್ ಸೇರುವಾಗ ಎರಡೂವರೆ ಗಂಟೆ. ಹುಡುಗನ ಮಾತಿನಂತೆ ಮೊದಲು ಊರಿನ ಒಳಭಾಗದಲ್ಲಿರುವ ಬ್ಲ್ಯಾಕ್‌ಬಟ್ ವನಕ್ಕೆ ಹೋಗಿ ಅಲ್ಲಿಂದ ಬಸ್ಸು ಹಿಡಿದು ಕಡಲತೀರಕ್ಕೆ ಬಂದೆವು. ಆಗ ಐದೂವರೆ ಗಂಟೆ, ಕಗ್ಗತ್ತಲೆ. ಜೂನ್ ತಿಂಗಳು ಅಲ್ಲಿ ನಡು ಚಳಿಗಾಲವೆಂದೂ, ಸೂರ್ಯನು ಐದು ಗಂಟೆಗೆ ಮುಂಚೆಯೇ ಮುಳುಗುವನೆಂದೂ ಭೂಗೋಳದ ಪುಸ್ತಕದಲ್ಲಿ ಓದಿದ್ದ ನಾವು ಆ ಓದನ್ನು ಉಪಯೋಗಕ್ಕೆ ತರಲಿಲ್ಲ. ತಾಯಿಯವರು ಕಂಬಳಿ ಹೊದ್ದು ಕಲ್ಲುಬೆಂಚಿನ ಮೇಲೆ ಕುಳಿತು ಕತ್ತಲಿನ ಕಡೆಗೆ ನೋಡುತ್ತಿದ್ದರು. “ಸದ್ದು ಕೇಳಿತು ಮಗಾ, ನಮ್ಮ ಪಣಂಬೂರಿನ ಹಾಗೆಯೇ ಉಂಟು” ಎಂದರು. ಮರುದಿನ ಮಳೆ. ಮಧ್ಯಾಹ್ನಕ್ಕೆ ಮುಂಚೆಯೇ ಹಿಂದಿರುಗಿದೆವು. ಅವರು ಒಂದು ದೂರನ್ನೂ ಹೇಳಲಿಲ್ಲ. ಹೇಳಿದ್ದರೆ ನಮಗೆ ಅಷ್ಟು ನೋವಾಗುತ್ತಿರಲಿಲ್ಲ.

ಎರಡು ದಿನದ ಪ್ರಯಾಣವೆಂಬುದು ಎಂಟು ದಿನದ ಪ್ರಯಾಣವನ್ನು ಕುಗ್ಗಿಸಿ ಮಾಡತಕ್ಕದ್ದಲ್ಲ. ಅದರ ಲೆಕ್ಕವೇ ಬೇರೆ. ಎರಡು ದಿನಗಳಲ್ಲಿ ಹಗಲಿನ ಹೊತ್ತು ಎಷ್ಟು, ಅದರಲ್ಲಿ ಹೋಗಿ ಬರುವುದಕ್ಕೆ ಎಷ್ಟು, ಊಟಕ್ಕೂ ವಿಶ್ರಾಂತಿಗೂ ಎಷ್ಟು ಎಂದು ಕಳೆದು ನೋಡಿದರೆ ಉಳಿಯುವುದು ಏಳೆಂಟು ತಾಸುಗಳಷ್ಟೇ. ಅದು ಕಾರಣ ಊರಿನ ಒಂದು ಮೂಲೆಯನ್ನು ಆರಿಸಿಕೊಂಡು, ಅದನ್ನು ಕಾಲ್ನಡಿಗೆಯಿಂದ ನೋಡುವುದೇ ಲೇಸು. ನ್ಯೂಕಾಸಲಿನಲ್ಲಿ ಆ ಮೂಲೆಯು ಯಾವುದೆಂಬುದರಲ್ಲಿ ನಮಗೆ ಸಂದೇಹವಿಲ್ಲ: ಪೂರ್ವದ ತುದಿ, ಅಂದರೆ ಟ್ರಾಮ್ ಗಾಡಿಯು ಕೊನೆಗೆ ನಿಲ್ಲುವ ಸ್ಥಳ.

ತಿಂಗಳನ್ನು ಆರಿಸುವ ಅವಕಾಶವಿದ್ದರೆ ಅದರಿಂದಲೇ ಆರಂಭಿಸತಕ್ಕದ್ದು. ನಮಗೆ ಸೆಕೆಯಾದಾಗ ಅವರಿಗೆ ಚಳಿ, ನಮಗೆ ಕ್ರಿಸ್ಮಸಿನ ಚಳಿಯಾದಾಗ ಅವರಿಗೆ ಬೇಸಗೆ. ದಶಂಬರದಲ್ಲಿ ಸಂಜೆ ಎಂಟು ಗಂಟೆಯವರೆಗೂ ಬೆಳಕಿರುತ್ತದೆ. ಆದರೆ ಅದು ಅಲ್ಲಿನ ಶಾಲೆಗಳ ದೊಡ್ಡ ರಜೆಯಾದುದರಿಂದ ತಂಗಲು ಕೋಣೆ ಸಿಗುವುದು ಕಷ್ಟ, ಸಿಕ್ಕರೂ ಬೆಲೆ ಹೆಚ್ಚು. ಮಾರ್ಚಿ, ಏಪ್ರಿಲ್ ತಿಂಗಳುಗಳಲ್ಲಿ ಬಿಸಿಲು ಹಿತವಾಗಿದ್ದು, ಬೇಸಗೆಯಲ್ಲಿ ಕಾದ ಕಡಲನೀರು ಇನ್ನೂ ತಣಿದಿರುವುದಿಲ್ಲ. ವಯಸ್ಸಾದವರಿಗೆ ಇದೇ ಒಳ್ಳೆಯ ಕಾಲವೆಂದು ನಮ್ಮ ಅಭಿಪ್ರಾಯ. ತಿಮಿಂಗಿಲಗಳನ್ನು ನೋಡಬೇಕೆಂಬವರು ಮಾತ್ರ ಚಳಿಯನ್ನು ಸಹಿಸಿಕೊಂಡು ಜೂನ್, ಜುಲೈ ತಿಂಗಳುಗಳಲ್ಲಿ ಹೋಗಬೇಕು. ಆಗ ಅವು ದಕ್ಷಿಣದ ಹಿಮಸಮುದ್ರದಿಂದ ಉತ್ತರದ ಬೆಚ್ಚನೆಯ ನೀರಿಗೆ ಮರಿಹಾಕಲು ಈ ತೀರವನ್ನು ಹಾದುಹೋಗುತ್ತವೆ. ಇನ್ನೊಂದು ಸಂಗತಿಯನ್ನು ಮರೆಯಬಾರದು. ಆ ಪ್ರಾಂತದಲ್ಲಿ ಅಕ್ಟೋಬರದ ಮೊದಲನೆಯ ಆದಿತ್ಯವಾರ ಗಡಿಯಾರಗಳನ್ನು ಒಂದು ತಾಸು ಮುಂದೂಡಿ, ಏಪ್ರಿಲಿನ ಮೊದಲನೆಯ ಆದಿತ್ಯವಾರ ಹಿಂದೂಡುತ್ತಾರೆ. ಆ ಆದಿತ್ಯವಾರಗಳಲ್ಲಿ ಪ್ರಯಾಣ ಮಾಡತಕ್ಕವರು ಎಚ್ಚರವಾಗಿರಬೇಕು.

ಹೊರಡುವುದು ಶುಕ್ರವಾರ ಸಂಜೆ. ಇದೇ ನಮ್ಮ ಯೋಜನೆಯ ಬೀಗದ ಕೈ. ಶನಿವಾರ ಬೆಳಿಗ್ಗೆ ಹೊರಟವರಿಗೆ ಅರ್ಧ ದಿನ ದಾರಿಯಲ್ಲಿಯೇ ಕಳೆಯುತ್ತದೆ. ಮೇಲಾಗಿ ಹಳಿಗಳ ದುರಸ್ತಿಯೆಂಬುದು ಬಹುಮಟ್ಟಿಗೆ ಶನಿವಾರ ಆದಿತ್ಯವಾರಗಳಲ್ಲಿಯೇ ನಡೆಯುವುದು. ಶುಕ್ರವಾರ ಸಂಜೆ ಸಿಡ್ನಿಯ ಸೆಂಟ್ರಲ್ ನಿಲ್ದಾಣದಲ್ಲಿ ಗಾಡಿ ಹತ್ತಿದರೆ ಎರಡೂಮುಕ್ಕಾಲು ತಾಸಿನೊಳಗಾಗಿ ನ್ಯೂಕಾಸಲಿನಲ್ಲಿರಬಹುದು. ಆದಿತ್ಯವಾರ ಹಿಂದಿರುಗುವಾಗ ಬದಲಿ ಬಸ್ಸು ಇದೆಯೋ ಎಂಬುದನ್ನು ಸರಕಾರದ ಸಾರಿಗೆ ಇಲಾಖೆಯವರ ಪ್ರಯಾಣಸೂಚಿಯಲ್ಲಿ ಹೊರಡುವ ಮೊದಲೇ ನೋಡಿಕೊಂಡು, ಇದ್ದರೆ ಒಂದೂವರೆ ತಾಸು ಹೆಚ್ಚಿಗೆ ಇಟ್ಟುಕೊಳ್ಳತಕ್ಕದ್ದು. ಮುಂಚಿತವಾಗಿ ಚೀಟಿ ಕೊಳ್ಳಬೇಕಾಗಿಲ್ಲ. ಓಪಲ್ ಎಂಬ ಕಾರ್ಡನ್ನಾಗಲಿ ಬೇಂಕಿನ ಕಾರ್ಡನ್ನಾಗಲಿ ನಿಲ್ದಾಣದ ಯಂತ್ರಕ್ಕೆ ಹತ್ತುವಾಗ ಒಮ್ಮೆ, ಇಳಿದ ಮೇಲೆ ಒಮ್ಮೆ ತಾಗಿಸಬೇಕು. ಒಂದು ಕಾರ್ಡಿನಿಂದ ಇಬ್ಬರು ಹೋಗಲಾಗದು. ತಾಯಿಗೂ ಪ್ರತ್ಯೇಕವಾಗಿ ಒಂದು ಬೇಕು. ಒಂದು ದಿನಕ್ಕೆ ಇಷ್ಟಕ್ಕಿಂತ ಹೆಚ್ಚು ಹಣ ತೆಗೆಯಕೂಡದೆಂಬ ಮಿತಿಯುಂಟು. ಶುಕ್ರವಾರದಿಂದ ಆದಿತ್ಯವಾರದವರೆಗೆ ಆ ಮಿತಿಯು ಉಳಿದ ದಿನಗಳಿಗಿಂತ ಕಡಿಮೆ. ಗಾಡಿಯಲ್ಲಿ ಪಾಯಿಖಾನೆಯಿದೆ, ಆದರೆ ತಿಂಡಿ ಮಾರುವವರಿಲ್ಲ. ನಾವು ಚಪಾತಿ ಪಲ್ಯ ಕಟ್ಟಿಕೊಂಡು ಹೋದೆವು.

ಹಿಂದೆ ರೈಲು ಕಡಲ ಸಮೀಪದವರೆಗೂ ಹೋಗುತ್ತಿತ್ತು. 2014ರ ಕೊನೆಯಲ್ಲಿ ಆ ತುಂಡು ಹಳಿಯನ್ನು ನಿಲ್ಲಿಸಿಬಿಟ್ಟರು. ಈಗ ಊರ ಪಶ್ಚಿಮದಲ್ಲಿರುವ ನ್ಯೂಕಾಸಲ್ ಇಂಟರ್‌ಚೇಂಜ್ ಎಂಬ ನಿಲ್ದಾಣವೇ ಕೊನೆ. ಅಲ್ಲಿಂದ ಮುಂದಕ್ಕೆ 2019ರ ಫೆಬ್ರುವರಿಯಲ್ಲಿ ಆರಂಭವಾದ ಟ್ರಾಮ್ ಗಾಡಿಯು ಸುಮಾರು ಎರಡೂಮುಕ್ಕಾಲು ಕಿಲೋಮೀಟರು ಹೋಗಿ ನ್ಯೂಕಾಸಲ್ ಬೀಚ್ ಎಂಬಲ್ಲಿ ಇಳಿಸುತ್ತದೆ. ಅದೇ ಕಾರ್ಡು ಸಾಕು. ತಂಗುವ ಕೋಣೆಯನ್ನು ಇಳಿಯುವ ನಿಲ್ದಾಣದ ಹತ್ತಿರ ಹಿಡಿಯದೆ ಈ ಟ್ರಾಮಿನ ತುದಿಯ ಹತ್ತಿರವೇ ಹಿಡಿಯಬೇಕು. ನಾಲ್ಕು ಕಾಸು ಹೆಚ್ಚಾದರೂ ಚಿಂತೆಯಿಲ್ಲ. ವೃದ್ಧರಿಗೆ ಮಧ್ಯಾಹ್ನ ಹಿಂದಿರುಗಿ ಒಂದು ಗಳಿಗೆ ಮಲಗುವ ಅನುಕೂಲವಿದ್ದರೆ ಸಂಜೆಯ ಹೊತ್ತು ಉಳಿಯುತ್ತದೆ, ಇಲ್ಲವಾದರೆ ಹೋಗುತ್ತದೆ. ಅಡಿಗೆಯ ಒಲೆಯಿರುವ ಕೋಣೆಯಾದರೆ ಇನ್ನೂ ಉತ್ತಮ, ಏಕೆಂದರೆ ಅಲ್ಲಿನ ಕಾಫಿ ಅಂಗಡಿಗಳು ಬೆಳಗಾಗುವ ಮೊದಲೇ ತೆರೆದು ಮಧ್ಯಾಹ್ನ ಎರಡು ಮೂರು ಗಂಟೆಗೆ ಮುಚ್ಚಿಬಿಡುವುದುಂಟು. ನಾಲ್ಕು ಗಂಟೆಗೆ ಚಹ ಕುಡಿದೇ ತೀರಬೇಕೆಂಬ ನಮ್ಮಂಥವರು ಪೇಚಾಡುತ್ತಾರೆ.

ಟ್ರಾಮಿನಿಂದ ಇಳಿದರೆ ಎದುರಿಗೆ ಸಣ್ಣದೊಂದು ಉದ್ಯಾನ, ಅದರಾಚೆ ಕಡಲು. ಎಡಗಡೆಗೆ ಕಡಲಂಚಿನಲ್ಲಿ ಸ್ವಲ್ಪ ನಡೆದರೆ ಸಮುದ್ರದ ಸ್ನಾನಕೊಳವಿದೆ. ಬಂಡೆಗಳ ಮೇಲೆ ಗೋಡೆ ಕಟ್ಟಿ ಸಮುದ್ರದ ನೀರನ್ನೇ ಒಳಗೆ ತುಂಬಿಸಿ ಮಾಡಿದ ಈ ಕೊಳವನ್ನು 1922ರಲ್ಲಿ ತೆರೆದರು. ಒಳಗೆ ಹೋಗುವುದಕ್ಕೆ ಹಣ ಕೊಡಬೇಕಾಗಿಲ್ಲ. ಆಚೆ ಅಲೆಗಳು ಬಂಡೆಗೆ ಬಡಿದು ಹಾರುತ್ತಿದ್ದರೆ ಈಚೆ ನೀರು ತಟ್ಟೆಯಲ್ಲಿಟ್ಟಂತೆ ನಿಂತಿರುತ್ತದೆ. ಇದರ ಮಗ್ಗುಲಲ್ಲಿ ಮಕ್ಕಳಿಗಾಗಿ 1937ರಲ್ಲಿ ಕಟ್ಟಿದ ಇನ್ನೊಂದು ಆಳವಿಲ್ಲದ ದುಂಡನೆಯ ಕೊಳವುಂಟು. ಅದರ ನಡುವೆ ಭೂಮಂಡಲದ ಖಂಡಗಳನ್ನೆಲ್ಲ ಕಾಂಕ್ರೀಟಿನಿಂದ ಭೂಪಟದಂತೆ ರಚಿಸಿ, ಸುತ್ತಲೂ ನೀರು ನಿಲ್ಲಿಸಿ, ಮಕ್ಕಳು ಸಣ್ಣ ದೋಣಿಗಳಲ್ಲಿ ಲೋಕವನ್ನು ಸುತ್ತಿಬರುವಂತೆ ಮಾಡಿದ್ದರಂತೆ. ತೆರೆಗಳ ಹೊಡೆತಕ್ಕೆ ಆ ಭೂಪಟವು ಸವೆದು ಹಾಳಾಯಿತು. ಭೂಗೋಳದ ಪಾಠವನ್ನು ಹೀಗೆ ಕಲಿಸಿದ್ದರೆ ನಾವು ಜೂನ್ ತಿಂಗಳಲ್ಲಿ ಹೊರಡುತ್ತಿದ್ದೆವೋ ಎಂದು ಅಲ್ಲಿ ನಿಂತು ನಕ್ಕೆವು.

ಸ್ನಾನಕೊಳದ ಹಿಂದಿರುವ ದಿಬ್ಬದ ಮೇಲೆ ಸ್ಕ್ರ್ಯಾಚ್ಲಿ ಎಂಬ ಕೋಟೆಯಿದೆ. 1882ರಲ್ಲಿ ಪೂರ್ತಿಯಾದ ಈ ಕೋಟೆ ಅರುವತ್ತು ವರುಷ ಬಂದೂಕು ಹೊತ್ತು ಸುಮ್ಮನೆ ಕಾದಿತ್ತು. 1942ನೇ ಜೂನ್ 8ನೇ ತಾರೀಖಿನ ನಡುರಾತ್ರಿ ಕಳೆದ ಮೇಲೆ ಜಪಾನಿನ ಜಲಾಂತರ್ಗಾಮಿಯೊಂದು ಊರಿನ ಮೇಲೆ ಗುಂಡು ಹಾರಿಸಿದಾಗ ಇಲ್ಲಿನ ಫಿರಂಗಿಗಳು ನಾಲ್ಕು ಗುಂಡುಗಳಿಂದ ಉತ್ತರಕೊಟ್ಟವು. ಆಸ್ಟ್ರೇಲಿಯದ ಕೋಟೆಗಳಲ್ಲಿ ವೈರಿಯ ಯುದ್ಧನಾವೆಯ ಮೇಲೆ ಗುಂಡು ಹಾರಿಸಿದುದು ಇದೊಂದೇ. ಆ ರಾತ್ರಿ ಯಾರೂ ಸಾಯಲಿಲ್ಲ. 2007ರಲ್ಲಿ ಅದೇ ಜೂನ್ 8ನೇ ತಾರೀಖು, ಕಲ್ಲಿದ್ದಲು ತುಂಬಿಸಿಕೊಳ್ಳಲು ಕಾದಿದ್ದ ಪಾಷಾ ಬಲ್ಕರ್ ಎಂಬ ದೊಡ್ಡ ಹಡಗು ಬಿರುಗಾಳಿಗೆ ಸಿಕ್ಕಿ ಈ ಕೋಟೆಯ ಕೆಳಗಿನ ಮರಳಿಗೇ ಬಂದು ಕೂತುಬಿಟ್ಟಿತು. ನಾವಿಕರನ್ನೆಲ್ಲ ಹೆಲಿಕಾಪ್ಟರಿನಿಂದ ಮೇಲಕ್ಕೆತ್ತಿದರು. ಹಡಗನ್ನು ಎಳೆದು ತೇಲಿಸಲು ಜುಲೈ ತಿಂಗಳು ಬರಬೇಕಾಯಿತು. ಕೋಟೆಯೊಳಗೆ ಹೋಗಲು ಹಣವಿಲ್ಲ, ಸುರಂಗಗಳನ್ನು ನೋಡಬೇಕಾದರೆ ಮಾತ್ರ ಉಂಟು. ಏರು ಸ್ವಲ್ಪ ಕಡಿದು. ಮೊಣಕಾಲು ನೋವಿನವರಿಗೆ ಹೇಳತಕ್ಕದ್ದಲ್ಲ.

ಅವರಿಗೆ ಹೇಳತಕ್ಕದ್ದು ನಾಬೀಸ್ ಗುಡ್ಡ. ಇದು ಮೊದಲು ನದೀಮುಖದಲ್ಲಿ ಒಂಟಿಯಾಗಿ ನಿಂತ ದ್ವೀಪವಾಗಿತ್ತು. 1770ರಲ್ಲಿ ಕ್ಯಾಪ್ಟನ್ ಕುಕ್ಕನು ಹಡಗಿನಿಂದ ಇದನ್ನು ಕಂಡಿದ್ದನು. 1818ರಲ್ಲಿ ಕೈದಿಗಳಿಂದ ಕಲ್ಲು ಹೊರಿಸಿ ದಡದಿಂದ ದ್ವೀಪಕ್ಕೆ ಒಡ್ಡು ಕಟ್ಟಲು ತೊಡಗಿದರು, ಮುಗಿದುದು 1846ರಲ್ಲಿ. ಗುಡ್ಡದ ತಲೆಯನ್ನು ಕಡಿದು ತಗ್ಗಿಸಿ 1858ರಲ್ಲಿ ಅದರ ಮೇಲೆ ದೀಪಸ್ತಂಭವನ್ನು ನಿಲ್ಲಿಸಿದರು. ಆ ಒಡ್ಡಿನ ಮೇಲಣ ದಾರಿ ಅಂಗೈಯಂತೆ ಸಮವಾಗಿದೆ. ಬಲಕ್ಕೆ ಮರಳೂ ಕಡಲೂ, ಎಡಕ್ಕೆ ರೇವು. ಇನ್ನೂರು ಮೀಟರಿಗೂ ಉದ್ದವಾದ ಹಡಗುಗಳನ್ನು ಪುಟ್ಟ ಎಳೆದೋಣಿಗಳು ಆನೆಯನ್ನು ಮಾವುತನು ನಡೆಸುವಂತೆ ನಡೆಸಿಕೊಂಡು, ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿ ಹೋಗುತ್ತವೆ. ಅವಬಕಲ್ ಜನರ ಕಥೆಯಲ್ಲಿ ಈ ಗುಡ್ಡದ ಹೆಸರು ವಿಬೈಗಂಬಾ. ಕಟ್ಟಳೆಯನ್ನು ಮುರಿದ ದೊಡ್ಡ ಕಾಂಗರೂ ಒಂದು ಈ ಬಂಡೆಯೊಳಗೆ ಅಡಗಿಕೊಂಡಿದೆಯಂತೆ. ಅದು ಆಗಾಗ ಬಾಲವನ್ನು ಬಡಿದಾಗ ಭೂಮಿಯು ನಡುಗುವುದಂತೆ. 1989ನೇ ದಶಂಬರ 28ನೇ ತಾರೀಖು ಬೆಳಿಗ್ಗೆ ಇಲ್ಲಿ ನಿಜವಾಗಿಯೇ ಭೂಕಂಪವಾಗಿ 13 ಜನರು ತೀರಿಹೋದರು. ಊರಿನ ನಡುವಣ ಎತ್ತರದಲ್ಲಿರುವ ಕ್ರೈಸ್ಟ್ ಚರ್ಚ್ ಕೆಥೆಡ್ರಲ್ ದೇವಾಲಯವೂ ಬಿರುಕುಬಿಟ್ಟಿತು. ಅದನ್ನು ದುರಸ್ತಿ ಮಾಡುವುದಕ್ಕೆ ಅನೇಕ ವರುಷಗಳು ಹಿಡಿದವು.

ದಕ್ಷಿಣದ ಕಡೆಗೆ ಹೋದರೆ ಕಿಂಗ್ ಎಡ್ವರ್ಡ್ ಉದ್ಯಾನ, ಅದರ ಕೆಳಗೆ ಬಂಡೆಯಲ್ಲಿ ಕೈದಿಗಳಿಂದ 1819ರ ಸುಮಾರಿಗೆ ಕೆತ್ತಿಸಿದ ಬೋಗಿ ಹೋಲ್ ಎಂಬ ಸ್ನಾನದ ಗುಂಡಿ. ಆಗಿನ ಅಧಿಕಾರಿ ಮೇಜರ್ ಮಾರಿಸೆಟ್ಟನು ಇದನ್ನು ತನ್ನ ಸ್ವಂತಕ್ಕೆ ಮಾಡಿಸಿಕೊಂಡದ್ದು. ಬಂಡೆ ಕುಸಿಯುವ ಭಯದಿಂದ ಇದನ್ನು ಆಗಾಗ ಮುಚ್ಚಿದ್ದುಂಟು. ಬೇಲಿ ಹಾಕಿದ್ದರೆ ಮೇಲಿನಿಂದ ನೋಡಿ ಬರತಕ್ಕದ್ದು. ಅಲ್ಲಿಂದ ಮೇಲಕ್ಕೆ, ಕಡಲಿನ ಕಡಿಬಂಡೆಯ ಅಂಚಿನಲ್ಲಿ, 2015ರಲ್ಲಿ ಕಟ್ಟಿದ 450 ಮೀಟರು ಉದ್ದದ ಸ್ಮಾರಕದ ನಡೆದಾರಿಯಿದೆ. ಮೊದಲನೆಯ ಮಹಾಯುದ್ಧಕ್ಕೆ ಈ ಸೀಮೆಯಿಂದ ಹೋದವರ ಮನೆತನದ ಹೆಸರುಗಳನ್ನು ಉಕ್ಕಿನ ಸಿಪಾಯಿಗಳ ಆಕೃತಿಯಲ್ಲಿ ಕೊರೆದಿದ್ದಾರೆ. ಹೆಸರುಗಳ ತೂತುಗಳಲ್ಲಿ ಆಕಾಶವು ಕಾಣುತ್ತದೆ. ಇಲ್ಲಿಗೆ ಮೋಟಾರಿನಲ್ಲಿಯೇ ಹೋಗಬಹುದಾದುದರಿಂದ ನಡೆಯಲಾರದವರೂ ನೋಡಬಹುದು.

ಈಗ ಎಲ್ಲಕ್ಕಿಂತ ಮುಖ್ಯವಾದ ವಿಚಾರಕ್ಕೆ ಬರುತ್ತೇವೆ. ಭಾರತದಿಂದ ಹೋದವರು ಆಸ್ಟ್ರೇಲಿಯದ ಕಡಲಿನಲ್ಲಿ ಮುಳುಗಿ ಸತ್ತ ವಾರ್ತೆಯನ್ನು ಪ್ರತಿ ಬೇಸಗೆಯಲ್ಲಿಯೂ ಎಂಬಂತೆ ಓದುತ್ತೇವೆ. ಅವರಲ್ಲಿ ಹೆಚ್ಚಿನವರು ಅವಿವೇಕಿಗಳಲ್ಲ. ನೀರಿನ ಲಕ್ಷಣವನ್ನು ಅರಿಯದವರು. ದಡಕ್ಕೆ ಅಪ್ಪಳಿಸಿದ ನೀರೆಲ್ಲ ಮತ್ತೆ ಕಡಲಿಗೆ ಹೋಗಬೇಕಷ್ಟೆ. ಅದು ಮರಳಿನಲ್ಲಿ ಆಳವಾದ ಓಣಿಯೊಂದನ್ನು ಹುಡುಕಿಕೊಂಡು ಅದರ ಮೂಲಕ ವೇಗವಾಗಿ ಹಿಂದಕ್ಕೆ ಹರಿಯುತ್ತದೆ. ಇದೇ ಸೆಳೆತ. ಆ ಓಣಿಯು ಆಳವಾಗಿರುವುದರಿಂದ ಅಲ್ಲಿ ತೆರೆಗಳು ಒಡೆಯುವುದು ಕಡಿಮೆ; ಎರಡು ಕಡೆ ಬಿಳಿಯ ನೊರೆ, ನಡುವೆ ಕಪ್ಪಾದ ಶಾಂತವಾದ ನೀರು. ಹೊಸಬರು ತೆರೆಗೆ ಹೆದರಿ, ಮಕ್ಕಳ ಕೈಹಿಡಿದುಕೊಂಡು, ಆ ಶಾಂತವಾದ ಸ್ಥಳದಲ್ಲಿಯೇ ಇಳಿಯುತ್ತಾರೆ. ಅಪಾಯವಿರುವುದು ಅಲ್ಲಿಯೇ. ಸೆಳೆತವು ಮನುಷ್ಯನನ್ನು ಕೆಳಕ್ಕೆ ಎಳೆಯುವುದಿಲ್ಲ, ದೂರಕ್ಕೆ ಒಯ್ಯುತ್ತದೆ. ಅದರ ಎದುರಿಗೆ ಈಜಿ ಈಜಿ ದಣಿದವನು ಮುಳುಗುತ್ತಾನೆ. ಸಿಕ್ಕಿಬಿದ್ದವರು ಹೆದರದೆ ಅಂಗಾತನಾಗಿ ತೇಲುತ್ತ ಕೈಯೆತ್ತಿ ಕರೆಯಬೇಕು.

ಕಾವಲುಗಾರರು ದಿನವೂ ನೀರನ್ನು ಪರೀಕ್ಷಿಸಿ ಅಪಾಯ ಕಡಿಮೆಯಿರುವ ಭಾಗದ ಎರಡು ಕಡೆಗಳಲ್ಲಿ ಕೆಂಪು ಹಳದಿ ಬಾವುಟಗಳನ್ನು ನೆಡುತ್ತಾರೆ. ಆ ಎರಡು ಬಾವುಟಗಳ ನಡುವೆ ಮಾತ್ರ ಇಳಿಯತಕ್ಕದ್ದು. ಬಾವುಟವಿಲ್ಲದ ಕಡೆ, ಬಾವುಟ ತೆಗೆದ ಹೊತ್ತಿನಲ್ಲಿ, ಮೊಣಕಾಲವರೆಗೂ ಇಳಿಯಬಾರದು. ಚಳಿಗಾಲದಲ್ಲಿ ಕೆಲವು ತೀರಗಳಲ್ಲಿ ಕಾವಲೇ ಇರುವುದಿಲ್ಲ. ಸೀರೆಯುಟ್ಟು ಅಲೆಗೆ ಕಾಲುಕೊಡುವ ನಮ್ಮ ಪದ್ಧತಿಯು ಇಲ್ಲಿ ಸಲ್ಲದು. ನೆನೆದ ಸೀರೆಯ ಭಾರವೂ ಅದು ಕಾಲಿಗೆ ಸುತ್ತಿಕೊಳ್ಳುವ ರೀತಿಯೂ ಎಲ್ಲರಿಗೂ ಗೊತ್ತೇ ಇದೆ. ಕಡಲಂಚಿನ ಬಂಡೆಗಳ ಮೇಲೆ ನಿಂತು ಚಿತ್ರ ತೆಗೆಸಿಕೊಳ್ಳುವುದೂ ಬೇಡ. ಹತ್ತು ತೆರೆ ಸಣ್ಣವು ಬಂದ ಮೇಲೆ ಹನ್ನೊಂದನೆಯದು ದೊಡ್ಡದು ಬರುತ್ತದೆ. ಬೇಸಗೆಯಲ್ಲಿ ಈಶಾನ್ಯದ ಗಾಳಿ ಬೀಸಿದಾಗ ಬ್ಲೂ ಬಾಟಲ್ ಎಂಬ ನೀಲಿ ಜೀವಿಗಳು ದಡಕ್ಕೆ ಬಂದು ಬೀಳುತ್ತವೆ. ಇವುಗಳ ದಾರದಂಥ ಬಾಲ ತಗಲಿದರೆ ಚೇಳು ಕಡಿದಂಥ ಉರಿ. ಅದನ್ನು ಮೆಲ್ಲನೆ ತೆಗೆದು, ಕಡಲ ನೀರಿನಿಂದ ತೊಳೆದು, ಸುಡದಷ್ಟು ಬಿಸಿಯಾದ ನೀರಿನಲ್ಲಿ ಇಪ್ಪತ್ತು ನಿಮಿಷ ಇಟ್ಟರೆ ಶಮನವಾಗುವುದು. ಪ್ರಾಣಾಪಾಯಕ್ಕೆ ಕರೆಯತಕ್ಕ ದೂರವಾಣಿಯ ಸಂಖ್ಯೆ ಮೂರು ಸೊನ್ನೆ. ಇಷ್ಟನ್ನೂ ಹೆದರಿಸುವುದಕ್ಕಾಗಿ ಬರೆದುದಲ್ಲ. ಸ್ನಾನಕೊಳಗಳು ಇರುವುದೇ ಇದಕ್ಕಾಗಿ: ಈಜು ಬಾರದವರೂ ಮೆಟ್ಟಿಲ ಮೇಲೆ ಕುಳಿತು, ಅಲೆ ಎತ್ತರವಾಗಿಲ್ಲದ ದಿನ, ಮಹಾಸಾಗರದ ನೀರಿನಲ್ಲಿ ಕಾಲಿಟ್ಟುಕೊಂಡಿರಬಹುದು.

ಬಿಸಿಲಿಗೆ ಟೋಪಿಯನ್ನೂ ಮುಲಾಮನ್ನೂ ಮರೆಯಬಾರದು. ಮೋಡವಿದ್ದರೂ ಅಲ್ಲಿನ ಬಿಸಿಲು ಸುಡುತ್ತದೆ. ಸೆಕೆಯ ದಿನವೂ ಒಂದು ಉಣ್ಣೆಯ ಬಟ್ಟೆ ಕೈಯಲ್ಲಿರಲಿ. ದಕ್ಷಿಣದ ಗಾಳಿಯು ಒಮ್ಮೆಲೇ ತಿರುಗಿದರೆ ಗಳಿಗೆಯೊಳಗೆ ಚಳಿಯಾಗುವುದು.

2024ರ ಏಪ್ರಿಲಿನಲ್ಲಿ ತಾಯಿಯವರು ಮತ್ತೆ ಸಿಡ್ನಿಗೆ ಬಂದರು. ಐದು ವರುಷಗಳಲ್ಲಿ ಅವರ ನಡಿಗೆ ಬಹಳ ನಿಧಾನವಾಗಿತ್ತು. ಈ ಸಲ ತಂಗಿಯ ಕಾಗದದಲ್ಲಿ ಇದ್ದುದು ಮೂರೇ ಮಾತುಗಳು: ಕೊಳ, ಒಡ್ಡು, ದೋಣಿ. ಶುಕ್ರವಾರ ಸಂಜೆ ಹೋಗಿ ಕಡಲಿಗೆ ಎರಡು ಬೀದಿ ಈಚೆ ತಂಗಿದೆವು. ಶನಿವಾರ ಆರೂಕಾಲಕ್ಕೆ ಎಬ್ಬಿಸಿದುದು ನಾವಲ್ಲ, ಅವರೇ. ಸೂರ್ಯನು ಕಡಲಿನಿಂದ ಏಳುವುದನ್ನು ಅವರು ನೋಡಿರಲಿಲ್ಲ. ನಮ್ಮ ಕರಾವಳಿಯಲ್ಲಿ ಅವನು ಕಡಲಿಗೆ ಇಳಿಯುವವನು. “ಇಲ್ಲಿ ಉಲ್ಟಾ” ಎಂದಷ್ಟೇ ಹೇಳಿದರು. ಆಮೇಲೆ ಮಕ್ಕಳ ಕೊಳದ ಅಂಚಿನಲ್ಲಿ ಕುಳಿತು ಸೀರೆಯನ್ನು ಸ್ವಲ್ಪ ಎತ್ತಿ ಕಾಲನ್ನು ನೀರಿಗೆ ಬಿಟ್ಟರು. ಅರ್ಧ ತಾಸು ಯಾರೂ ಅವರನ್ನು ಏಳಿಸಲಿಲ್ಲ. ಮಧ್ಯಾಹ್ನ ಊಟ, ನಿದ್ದೆ. ಮೂರು ಗಂಟೆಗೆ ಒಡ್ಡಿನ ಮೇಲೆ ಅರ್ಧದವರೆಗೆ ನಡೆದು ಹಡಗುಗಳನ್ನು ಎಣಿಸಿದೆವು. ಒಳಬರುವುದು ಒಂದು, ಹೊರಹೋಗುವುದು ಒಂದು, ದೂರದಲ್ಲಿ ನಿಂತವು ನಾಲ್ಕು. ಊರಿನ ಹಿಂದೆ ಸೂರ್ಯನು ಇಳಿಯುವುದನ್ನೂ ನೋಡಿ ಬಂದೆವು.

ಆದಿತ್ಯವಾರ ಬೆಳಿಗ್ಗೆ ಕ್ವೀನ್ಸ್ ವಾರ್ಫ್ ಎಂಬ ದಕ್ಕೆಯಿಂದ ಆಚೆಯ ದಡದ ಸ್ಟಾಕ್ಟನ್‌ಗೆ ದೋಣಿಯಲ್ಲಿ ಹೋಗಿ ಬಂದೆವು. ಅದು ಕೆಲವೇ ನಿಮಿಷಗಳ ದಾಟು, ಕಾರ್ಡು ಅದೇ. ನೀರಿನ ನಡುವಿನಿಂದ ಕಾಣುವ ಊರಿನ ನೋಟಕ್ಕೆ ಸಮನಾದುದು ದಡದಲ್ಲಿಲ್ಲ. ಕೋಟೆ, ವಸ್ತುಸಂಗ್ರಹಾಲಯ, ದೇವಾಲಯ, ಮೆರೆವೆದರಿನ 1935ರ ದೊಡ್ಡ ಸ್ನಾನಕೊಳ ಎಲ್ಲವೂ ಉಳಿದುವು. ಉಳಿಯಲಿ ಎಂದೆವು.

ಹಿಂದಿರುಗಲು ಎರಡು ಗಂಟೆಯ ಗಾಡಿಯನ್ನೇ ಹಿಡಿದುದಕ್ಕೆ ಕಾರಣವುಂಟು. ಗಾಸ್‌ಫರ್ಡ್ ಎಂಬ ನಿಲ್ದಾಣ ದಾಟಿದ ಮೇಲೆ ಹಳಿಯು ನೀರಿನ ಅಂಚನ್ನೇ ಹಿಡಿದು ಹೋಗಿ ಹಾಕ್ಸ್‌ಬರಿ ನದಿಯನ್ನು ದೊಡ್ಡ ಸೇತುವೆಯಿಂದ ದಾಟುತ್ತದೆ. ಶುಕ್ರವಾರ ಕತ್ತಲಲ್ಲಿ ಕಾಣದಿದ್ದುದನ್ನು ಹಗಲಿನಲ್ಲಿ ನೋಡಬೇಕಾಗಿತ್ತು. 1889ರಲ್ಲಿ ಕಟ್ಟಿದ ಮೊದಲಿನ ಸೇತುವೆಯನ್ನು ತೆಗೆದು 1946ರಲ್ಲಿ ಈಗಿನದನ್ನು ತೆರೆದರು. ಹಳೆಯದರ ಕಲ್ಲುಕಂಬಗಳು ಮಾತ್ರ ಪಕ್ಕದಲ್ಲಿ ನೀರಿನೊಳಗೆ ಇನ್ನೂ ನಿಂತಿವೆ. ತಾಯಿಯವರು ಕಿಟಕಿಗೆ ಹಣೆಯಿಟ್ಟು ಅವುಗಳನ್ನು ಎಣಿಸತೊಡಗಿದರು. ಎಣಿಸಿ ಮುಗಿಯುವಷ್ಟರಲ್ಲಿ ಗಾಡಿಯು ಆಚೆ ದಡಕ್ಕೆ ಹೋಗಿತ್ತು. ಸೆಂಟ್ರಲ್ ನಿಲ್ದಾಣದಲ್ಲಿ ಇಳಿಯುವಾಗ ಐದಕ್ಕೆ ಇನ್ನೂ ಹತ್ತು ನಿಮಿಷವಿತ್ತು. ಮರುದಿನ ತಂಗಿಗೆ ಕೆಲಸ.